ಮೆಣಸೂ ಒಳ್ಳೆಮೆಣಸೂ

ಕರಾವಳಿಯಿಂದ ಬಂದು ಲಕ್ಷ್ಮೀಪುರದ ನಮ್ಮ ಮನೆಯಲ್ಲಿ ಹಳಗನ್ನಡವನ್ನು ಓದುತ್ತಿರುವ ಶಿಷ್ಯನೊಬ್ಬನು, ಪ್ರಾಚೀನ ಪಾಕಗ್ರಂಥವೊಂದರ ಪಾಠದಲ್ಲಿ ಬಂದ ‘ಮೆಣಸು’ ಎಂಬ ಶಬ್ದಕ್ಕೆ ಕೆಂಪು ಮೆಣಸಿನಕಾಯಿಯೆಂದು ಅರ್ಥವನ್ನು ಹೇಳಿದನು. ಮೈಸೂರಿನ ಹುಡುಗನಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಇಲ್ಲಿ ಮೆಣಸೆಂದರೆ ಇಂದಿಗೂ ಕರಿಯ ಕಾಳೇ. ಕರಾವಳಿಯ ಮನೆಮಾತಿನಲ್ಲಾದರೋ ಮೆಣಸೆಂದರೆ ಕಾಯಿ. ಇಂತಹ ತಪ್ಪು ಅಚ್ಚಾದ ಟಿಪ್ಪಣಿಗಳಿಗೂ ನುಸುಳಬಹುದಾದುದರಿಂದ ಇದನ್ನು ವಿಚಾರಿಸುವುದು ಉಚಿತವಾಗಿದೆ.

ಮೆಣಸಿನಕಾಯಿಯ ಗಿಡವು ಅಮೆರಿಕಾ ಖಂಡದ್ದು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅದು ಈ ತೀರವನ್ನು ಸೇರಿತು. ಆದಕಾರಣ ಸು. 1025ರ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಾಗಲಿ, 16ನೆಯ ಶತಮಾನದ ಆದಿಯ ಮೂರನೆಯ ಮಂಗರಸನ ಸೂಪಶಾಸ್ತ್ರದಲ್ಲಾಗಲಿ ಮೆಣಸೆಂಬುದು ಮರೀಚವೇ ಹೊರತು ಬೇರೆಯಲ್ಲ. ವೈದ್ಯರ ತ್ರಿಕಟುವಿನಲ್ಲಿಯೂ ಶುಂಠಿ ಹಿಪ್ಪಲಿಗಳೊಡನೆ ನಿಂತಿರುವುದು ಈ ಮರೀಚವೇ ಅಷ್ಟೆ. ಹೊಸ ಕಾಯಿಗೆ ಹಳೆಯ ಹೆಸರನ್ನಿತ್ತವರು ನಾವು ಮಾತ್ರವಲ್ಲ. ಪೋರ್ಚುಗೀಸರಲ್ಲಿಯೂ ಪಿಮೆಂತ ಎಂಬ ಒಂದೇ ಪದವು ಎರಡಕ್ಕೂ ಸಲ್ಲುತ್ತದೆ. ಅವರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ಯೆಂದು ಕರೆದುದು ಕರಿಯ ಕಾಳಿನ ವ್ಯಾಪಾರದಿಂದಲೇ. ಗೇರಿನ ಕಥೆಯೂ ಹೀಗೆಯೇ: ಭಲ್ಲಾತಕದ ಹೆಸರು ಸಮುದ್ರದಾಚೆಯಿಂದ ಬಂದ ಮರಕ್ಕೂ ಅಂಟಿತು.

ಇಂದು ಬ್ಯಾಡಗಿ ಮೆಣಸಿಲ್ಲದೆ ಕರಾವಳಿಯವರ ಗಸಿಯಿಲ್ಲ. ಆದರೂ ಹಳೆಯ ಪಾಕವು ಅಳಿದಿಲ್ಲ. ತಂಬುಳಿಯನ್ನು ನೋಡಬಹುದು: ಒಂದೆಲಗವನ್ನೋ ದಾಳಿಂಬೆಯ ಚಿಗುರನ್ನೋ ಜೀರಿಗೆ ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯ ತುರಿ ಸೇರಿಸಿ ಅರೆದು, ಮಜ್ಜಿಗೆಯಲ್ಲಿ ಕದಡಿದರಾಯಿತು, ಕುದಿಸುವುದಿಲ್ಲ. ಅನ್ನಕ್ಕೆ ಕಲಸುವುದೂ ಇದನ್ನೇ, ಬೇಸಗೆಯಲ್ಲಿ ಕುಡಿಯುವುದೂ ಇದನ್ನೇ. ಕಣ್ ಪನಿ ಸೇರಿ ಕಂಬನಿಯಾದಂತೆ ತಣ್ ಪುಳಿ ಸೇರಿ ತಂಬುಳಿಯಾಯಿತೆಂದು ನನ್ನ ಊಹೆ. ಇನ್ನು ಶ್ರಾದ್ಧದ ಅಡುಗೆಯಲ್ಲಿ ಅನೇಕ ಮನೆಗಳವರು ಮೆಣಸಿನಕಾಯಿಯನ್ನು ಬಿಟ್ಟು ಕಾಳನ್ನೇ ಬಳಸುತ್ತಾರೆ. ಕಾರಣವನ್ನು ಕೇಳಿದರೆ ಪದ್ಧತಿಯೆನ್ನುವರು. ಪಿತೃಗಳು ಉಂಡರಿಯದ ಪದಾರ್ಥವೆಂಬುದೇ ಕಾರಣವಾಗಿರಬೇಕೆಂದು ನನಗೆ ತೋರುತ್ತದೆ.

ಶಿಷ್ಯನು ಈ ವಾದಕ್ಕೆ ಒಡನೆಯೇ ತಲೆಬಾಗಲಿಲ್ಲ. ‘ಹಾಗಾದರೆ ನಮ್ಮೂರಿನಲ್ಲಿ ಆ ಕಾಳಿಗೆ ಹೆಸರೇ ಉಳಿಯಲಿಲ್ಲವೆ, ಗುರುಗಳೆ?’ ಎಂದನು. ‘ನಿಮ್ಮ ಅಜ್ಜಿಯನ್ನೇ ಕೇಳಿ ಬಾರಯ್ಯ’ ಎಂದೆನು. ರಜೆ ಮುಗಿಸಿ ಬಂದವನು ನಗುತ್ತ ಉತ್ತರವನ್ನು ತಂದನು. ಅಜ್ಜಿ ಅದನ್ನು ‘ಒಳ್ಳೆಮೆಣಸು’ ಎನ್ನುತ್ತಾರಂತೆ. ನೆರೆಯ ತುಳುವರು ‘ಎಡ್ಡೆಮುಂಚಿ’ ಎನ್ನುತ್ತಾರಂತೆ. ತುಳುವಿನಲ್ಲಿ ಎಡ್ಡೆಯೆಂದರೆ ಒಳ್ಳೆಯದು, ಬರಿಯ ಮುಂಚಿಯೆಂದರೆ ಕಾಯಿ. ಮಲೆಯಾಳದ ‘ನಲ್ಲಮುಳಗು’ ಎಂಬುದರ ಅರ್ಥವೂ ಇದೇ. ಬಂದ ಕಾಯಿಯು ಹೆಸರನ್ನು ಕಿತ್ತುಕೊಂಡಾಗ, ಮೂರು ಭಾಷೆಗಳವರೂ ಹಳೆಯ ಕಾಳಿಗೆ ‘ಒಳ್ಳೆಯ’ ಎಂಬ ವಿಶೇಷಣವನ್ನು ಕೊಟ್ಟು ಉಳಿಸಿಕೊಂಡಿದ್ದಾರೆ.