ಬ್ಲೆಂಡರ್ ಅನ್ನು ಕಲಿತವರೇ ಕೊಂಡುಕೊಂಡ ಕತೆ

ಗೇಮ್‌ಗೆ, ವಿಆರ್‌ಗೆ ತ್ರೀಡಿ ಮಾಡೆಲ್ ಮಾಡೋದು ಕಲೀಬೇಕು, ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡೋದು ಅಂತ ಪುಣೆ, ಹೈದರಾಬಾದ್ ಕಡೆಯ ಗೆಳೆಯರು ಕೇಳ್ತಾ ಇರ್ತಾರೆ. ಬ್ಲೆಂಡರ್ ಅಂತೀನಿ. ಪುಕ್ಕಟೆ ಅಂತ ಮಾತ್ರ ಅಲ್ಲ. ಅದಕ್ಕೊಂದು ಚರಿತ್ರೆ ಇದೆ.

1994ರಲ್ಲಿ ನೆದರ್ಲೆಂಡ್ಸ್‌ನ ನಿಯೋಜಿಯೋ ಅನ್ನೋ ಆನಿಮೇಷನ್ ಸ್ಟುಡಿಯೋದಲ್ಲಿ ಟಾನ್ ರೂಸೆಂಡಾಲ್ ತಮ್ಮ ಸ್ಟುಡಿಯೋ ಕೆಲಸಕ್ಕೆ ಅಂತ ಬರೆಯಲು ಶುರು ಮಾಡಿದ ಟೂಲ್ ಇದು. 1998ರಲ್ಲಿ ಇದನ್ನು ಬೆಳೆಸೋಕೆ ನಾಟ್ ಎ ನಂಬರ್ ಅನ್ನೋ ಕಂಪನಿ ಹುಟ್ಟಿತು. 2000ದಲ್ಲಿ 45 ಲಕ್ಷ ಯೂರೋ ಹೂಡಿಕೆ ಬಂತು. ಆ ವರ್ಷದ ಕೊನೆಗೆ ನೋಂದಾಯಿಸಿಕೊಂಡ ಬಳಕೆದಾರರು 2.5 ಲಕ್ಷ ದಾಟಿದ್ರು. ಬಳಸೋರು ಸಿಕ್ಕಿದ್ರು, ಆದ್ರೆ ಕಂಪನಿ ನಡೆಸುವಷ್ಟು ದುಡ್ಡು ಹುಟ್ಟಲಿಲ್ಲ. ಸ್ಟಾರ್ಟಪ್‌ನಲ್ಲಿ ದುಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. 2002ರ ಶುರುವಿನಲ್ಲೇ ಹೂಡಿಕೆದಾರರು ಬಾಗಿಲು ಹಾಕಿದ್ರು. ಮುಚ್ಚೋ ಮುಂಚೆ ಡೆವಲಪರ್‌ಗಳು ಒಂದು ಮಂಗನ ತಲೆಯ ಮಾಡೆಲ್ ಸೇರಿಸಿ ಹೋದ್ರು. ಹೆಸರು ಸುಝಾನ್. ಇವತ್ತಿಗೂ ಮೆನುವಿನಲ್ಲಿ ಕ್ಯೂಬ್ ಇರೋ ಪಟ್ಟಿಯಲ್ಲೇ ಇದ್ದಾಳೆ.

ಸೋರ್ಸ್ ಕೋಡ್ ಹೂಡಿಕೆದಾರರ ಸ್ವತ್ತು. ಅದನ್ನು ಬಿಡಿಸಿಕೊಳ್ಳೋಕೆ 1 ಲಕ್ಷ ಯೂರೋ ಬೇಕಿತ್ತು. ರೂಸೆಂಡಾಲ್ ಬ್ಲೆಂಡರ್ ಫೌಂಡೇಶನ್ ಕಟ್ಟಿ, ಜುಲೈನಲ್ಲಿ ಬಳಕೆದಾರರ ಮುಂದೆ ಕೈಚಾಚಿದ್ರು. ಕಿಕ್‌ಸ್ಟಾರ್ಟರ್ ಎಲ್ಲ ಹುಟ್ಟೋಕೆ ಇನ್ನೂ 7 ವರ್ಷ ಇತ್ತು, ನೆನಪಿರಲಿ. ಆದ್ರೂ 7 ವಾರದಲ್ಲಿ ದುಡ್ಡು ಕೂಡಿತು. 2002ರ ಅಕ್ಟೋಬರ್ 13ರಂದು ಕೋಡ್ ಜಿಪಿಎಲ್ ಲೈಸೆನ್ಸ್‌ನಲ್ಲಿ ಹೊರಬಂತು.

ಇದರ ಬೆಲೆ ಗೊತ್ತಾಗಬೇಕಾದ್ರೆ ಸಾಫ್ಟ್‌ಇಮೇಜ್ ನೋಡಿ. ಜುರಾಸಿಕ್ ಪಾರ್ಕ್‌ನ ಡೈನೋಸಾರ್‌ಗಳನ್ನು ಆನಿಮೇಟ್ ಮಾಡೋಕೆ ಬಳಸಿದ ಹೆಸರು ಅದು. 2008ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡಿತು. 2014ರಲ್ಲಿ, ಮುಂದಿನ ವರ್ಷನ್ನೇ ಕೊನೆಯದು ಅಂತ ಹೇಳಿಬಿಟ್ಟಿತು. ವರ್ಷಗಟ್ಟಲೆ ಕೂತು ಅದರಲ್ಲೇ ಕೈ ಪಳಗಿಸಿಕೊಂಡವರು ಬೇರೆ ಟೂಲ್ ಹುಡುಕಿಕೊಳ್ಳಬೇಕಾಯ್ತು. ಆ ಸುದ್ದಿ ಓದಿದಾಗಲೇ ನನಗೆ ಬ್ಲೆಂಡರ್ ಮೇಲೆ ಗೌರವ ಹೆಚ್ಚಿದ್ದು.

ಇನ್ನು ವರ್ಚುವಲ್ ಲೋಕಗಳ ಮಾತು. 2003ರಲ್ಲಿ ತೆರೆದ ಸೆಕೆಂಡ್ ಲೈಫ್‌ನಲ್ಲಿ ಮನೆ, ಕುರ್ಚಿ ಎಲ್ಲ ಆ ಲೋಕದ ಒಳಗೇ ಕಟ್ತಿದ್ರು. ಡಬ್ಬಿ, ಗೋಳದಂಥ ಸರಳ ಆಕಾರ ಜೋಡಿಸೋದು, ಅಷ್ಟೇ. ಪಕ್ಕದಲ್ಲಿ ನಿಂತು ನೋಡಿದ್ರೆ ಕಲಿತಂಗೇ. ನನ್ನ ಪ್ರಕಾರ ಅದಕ್ಕಿಂತ ಒಳ್ಳೇ ಕ್ಲಾಸ್ ಇಲ್ಲ. 2011ರಲ್ಲಿ ಹೊರಗೆ ಮಾಡಿದ ಮೆಶ್ ಮಾಡೆಲ್ ತರೋ ಅವಕಾಶ ಬಂತು. ನೋಟ ಸುಧಾರಿಸಿತು, ಆದ್ರೆ ಮೆಶ್ ಕೆಲಸ ಒಬ್ಬೊಬ್ಬರ ಕಂಪ್ಯೂಟರ್‌ನೊಳಗೆ ಸೇರಿಕೊಳ್ತು. ಲೈಸೆನ್ಸ್ ಕೊಳ್ಳಲಾಗದವರ ಕೈಗೆ ಆಗ ಸಿಕ್ಕಿದ್ದು ಬ್ಲೆಂಡರ್.

ಪಕ್ಕದಲ್ಲಿ ನಿಂತು ಕಲಿಯೋ ಭಾಗ್ಯ ಪೂರ್ತಿ ಹೋಗಿಲ್ಲ. 2006ರ ಎಲಿಫೆಂಟ್ಸ್ ಡ್ರೀಮ್ ಕಿರುಚಿತ್ರ, 2008ರ ಬಿಗ್ ಬಕ್ ಬನ್ನಿ, ಎರಡರದ್ದೂ ಮಾಡೆಲ್, ಟೆಕ್ಸ್‌ಚರ್, ಪ್ರೊಡಕ್ಷನ್ ಫೈಲ್‌ಗಳನ್ನು ಚಿತ್ರದ ಜೊತೆಗೇ ಹಂಚಿದ್ರು. ಬೇರೆಯವರ ಕೋಡ್ ಓದಿ ಕಲಿತ ನಮಗೆ ಇದು ಹೊಸದಲ್ಲ. ಬನ್ನಿಯ ಫೈಲ್ ತೆರೆದು ಮೊಲದ ಮುಖದಲ್ಲಿ ಗೆರೆಗಳು ಕಣ್ಣು, ಬಾಯಿ ಸುತ್ತ ಹೇಗೆ ಹರಿದಿವೆ ನೋಡಿ, ಆಮೇಲೆ ಟ್ಯುಟೋರಿಯಲ್‌ಗೆ ಹೋಗಿ.

ಟ್ಯುಟೋರಿಯಲ್ ಹಳೇದಾಗಿದ್ರೆ ಒಂದು ಎಚ್ಚರ: 2019ರ 2.80 ವರ್ಷನ್‌ಗಿಂತ ಮುಂಚೆ ಬ್ಲೆಂಡರ್‌ನಲ್ಲಿ ಸೆಲೆಕ್ಟ್ ಮಾಡೋಕೆ ಮೌಸ್‌ನ ಬಲ ಬಟನ್ ಒತ್ತಬೇಕಿತ್ತು.