ಹಳೇ ವೆಬ್ಲಿ ರಿವಾಲ್ವರ್ ಕೊಳ್ಳಬೇಕೆ? ಮೊದಲು ಅದರ ಚರಿತ್ರೆ ನೋಡೋಣ

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಏನೇನು ಮಾಡುತ್ತೇವೆ? ಆರ್‌ಸಿ ನೋಡುತ್ತೇವೆ, ಎಂಜಿನ್ ಸದ್ದು ಕೇಳುತ್ತೇವೆ, ಗೊತ್ತಿರುವ ಮೆಕ್ಯಾನಿಕ್ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುತ್ತೇವೆ. ಹಳೇ ರಿವಾಲ್ವರ್ ವಿಷಯ ಬಂದಾಗ ಮಾತ್ರ ಬಹಳ ಜನರ ಮೊದಲ ಪ್ರಶ್ನೆ ಒಂದೇ: ಎಷ್ಟಕ್ಕೆ ಬರುತ್ತೆ?

ಸುದ್ದಿಗೆಂದು ತಾಲ್ಲೂಕು ತಿರುಗುವ ನಮಗೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಊರಾಚೆ ತೋಟದ ಮನೆಯಲ್ಲಿರುವವರು, ಜಮೀನು ವ್ಯಾಜ್ಯದಲ್ಲಿ ಸಿಕ್ಕಿಕೊಂಡವರು, ಅಪ್ಪನ ಕಾಲದ ಆಯುಧ ಮನೆಯಲ್ಲಿರುವವರು ಇದನ್ನು ಕೇಳುತ್ತಾರೆ. ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳುವ ಬದಲು, ಆ ರಿವಾಲ್ವರ್ ನಮ್ಮ ಕೈವರೆಗೆ ಬಂದ ದಾರಿಯನ್ನು ನೋಡೋಣ. ಉತ್ತರ ಆ ದಾರಿಯಲ್ಲೇ ಸಿಗುತ್ತದೆ.

ಹಲಗಲಿಯಿಂದ ಶುರು

ಬಂದೂಕಿಗೆ ಲೈಸೆನ್ಸ್ ಯಾಕೆ ಬೇಕು ಎಂಬುದಕ್ಕೆ ನಮ್ಮ ನಾಡಿನಲ್ಲೇ ರಕ್ತದಲ್ಲಿ ಬರೆದ ಕಥೆಯಿದೆ. 1857ರಲ್ಲಿ ಉತ್ತರ ಭಾರತದಲ್ಲಿ ದಂಗೆ ಎದ್ದಾಗ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರಿಗೆ ಬೇಟೆ, ಕಾವಲು, ಮಾನ ಎಲ್ಲವೂ ಆಗಿತ್ತು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕ ಮುಖಂಡರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಶಾಲೆಯಲ್ಲಿ ಆ ಲಾವಣಿ ಓದಿದವರು ನಮ್ಮಲ್ಲಿ ಬಹಳ ಜನ ಇದ್ದೇವೆ.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಇನ್ನೂ ಬಿಗಿಯಾದ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಈ ಭೇದವೇ ಜನರನ್ನು ಹೆಚ್ಚು ಕೆಣಕಿದ್ದು. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಸಂವಿಧಾನ ಬರೆಯುವ ಹೊತ್ತಿಗೆ ಅದು ಮೂಲಭೂತ ಹಕ್ಕಾಗಿ ಬರಲಿಲ್ಲ. ದೇಶ ಒಡೆದಾಗಿನ ಹಿಂಸೆಯನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಸಂವಿಧಾನದ 19ನೇ ವಿಧಿ ಕೊಡುವುದು ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನು.

ಕೊಡಗಿನದು ಬೇರೆ ದಾರಿ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಅದು ಇಂದಿಗೂ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ ಆಗುತ್ತದೆ. ಆದರೆ 'ಕೊಡಗಿನವರಿಗೆ ಬೇಡ ಅಂದಮೇಲೆ ನಮಗ್ಯಾಕೆ ಲೈಸೆನ್ಸ್' ಎಂಬ ವಾದ ಠಾಣೆಯಲ್ಲಿ ನಡೆಯುವುದಿಲ್ಲ. ಕೊಡಗಿನ ಸ್ನೇಹಿತರ ಕೋವಿ ನಮ್ಮ ಊರಿಗೆ ಬಂದರೆ ಆ ವಿನಾಯಿತಿ ನಮಗೆ ಅಂಟಿಕೊಂಡು ಬರುವುದಿಲ್ಲ.

ಉದ್ದ ಕೋವಿ, ಗಿಡ್ಡ ಕೋವಿ

ಈಗಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರ 13ನೇ ಸೆಕ್ಷನ್ ಓದಿದರೆ ಒಂದು ವಿಚಾರ ಸ್ಪಷ್ಟವಾಗುತ್ತದೆ. ರಕ್ಷಣೆಗೆಂದು ಕನಿಷ್ಠ 20 ಇಂಚು ನಳಿಕೆಯ ಸಾದಾ ಬಂದೂಕು, ಬೆಳೆ ಕಾಯಲು ಮದ್ದು ತುಂಬುವ ನಾಡಕೋವಿ, ಇವುಗಳ ಬಗ್ಗೆ ಕಾನೂನು ಸ್ವಲ್ಪ ಉದಾರ. ರಿವಾಲ್ವರ್ ಎಂದರೆ 'ಸಕಾರಣ ಇದೆಯೇ' ಎಂದು ಕೇಳುತ್ತದೆ. ಉದ್ದ ಕೋವಿ ಹೆಗಲ ಮೇಲೆ ಎಲ್ಲರಿಗೂ ಕಾಣುತ್ತದೆ. ಗಿಡ್ಡದು ಸೊಂಟದಲ್ಲಿ ಅಡಗುತ್ತದೆ.

ಆದ್ದರಿಂದ ಹಂದಿ, ಮಂಗ, ಆನೆ ಕಾಟಕ್ಕೆ ರಿವಾಲ್ವರ್ ಎಂಬ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಅದು ಹತ್ತಾರು ಅಡಿಯೊಳಗಿನ ಆಯುಧ. ಹೊಲದ ಆ ತುದಿಯ ಹಂದಿಗೆ ಅದರಿಂದ ಏನೂ ಆಗದು.

ಬರ್ಮಿಂಗ್‌ಹ್ಯಾಮ್‌ನಿಂದ ಕಾನ್ಪುರಕ್ಕೆ

ತಿರುಗುವ ಗುಂಡಿನ ಮನೆಯ ರಿವಾಲ್ವರಿಗೆ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪೇಟೆಂಟ್ ಪಡೆದ. ನಮ್ಮ ಕಡೆ ಹೆಸರು ಮಾಡಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ. 1887ರಲ್ಲಿ ಬ್ರಿಟಿಷ್ ಸೈನ್ಯ .455 ಅಳತೆಯ ವೆಬ್ಲಿಯನ್ನು ತೆಗೆದುಕೊಂಡಿತು. ಆಮೇಲೆ .38 ಅಳತೆಯವು ಬಂದವು. ಅವೇ ಇಲ್ಲಿನ ಸೈನ್ಯ, ಪೊಲೀಸರ ಸೊಂಟಕ್ಕೂ ಬಂದವು. ಸೈನ್ಯದ ಗುಂಡು ಹಿಡಿಯುವ ಇಂಥ ಅಳತೆಗಳನ್ನು ನಮ್ಮಲ್ಲಿ ನಿಷೇಧಿತ ಬೋರ್ ಎಂದು ಇಟ್ಟಿದ್ದಾರೆ. ಸಾಮಾನ್ಯ ಲೈಸೆನ್ಸಿಗೆ ಸಿಗುವ ರಿವಾಲ್ವರ್ ಮುಖ್ಯವಾಗಿ .32.

ಈ .32 ವೆಬ್ಲಿ ಅಂಡ್ ಸ್ಕಾಟ್‌ಗಳು ಜಮೀನ್ದಾರರು, ವಕೀಲರು, ಪ್ಲಾಂಟರುಗಳ ಕಾಲದಲ್ಲಿ ಹಡಗಿನಲ್ಲಿ ಬಂದವು. 1980ರ ದಶಕದಲ್ಲಿ ಖಾಸಗಿ ಆಮದಿಗೆ ಸರ್ಕಾರ ತಡೆ ಹಾಕಿತು. ಬಂದದ್ದಷ್ಟೇ ಉಳಿಯಿತು, ಬೇಡಿಕೆ ಉಳಿದೇ ಇತ್ತು. ಹಳೆಯ ವಿದೇಶಿ ರಿವಾಲ್ವರಿನ ಬೆಲೆ ಏರಿದ್ದು ಹೀಗೆ. ಅದು ಕಬ್ಬಿಣದ ಗುಣಕ್ಕೆ ಕೊಡುವ ಬೆಲೆ ಮಾತ್ರ ಅಲ್ಲ, ಸಿಗದಿರುವುದಕ್ಕೆ ಕೊಡುವ ಬೆಲೆಯೂ ಹೌದು.

ಮುಂದೆ ಕಾನ್ಪುರದ ಸರ್ಕಾರಿ ಕಾರ್ಖಾನೆ ಅದೇ ವೆಬ್ಲಿ ಮಾದರಿಯಲ್ಲಿ, ನಡು ಮುರಿದು ಗುಂಡು ತುಂಬುವ .32 ರಿವಾಲ್ವರ್ ಮಾಡತೊಡಗಿತು. 2014ರಲ್ಲಿ ಮಹಿಳೆಯರಿಗೆಂದು 'ನಿರ್ಭೀಕ್' ಬಂತು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ದಿಲ್ಲಿಯ ಘಟನೆಯ ನೋವಿಗೆ ದುಬಾರಿ ರಿವಾಲ್ವರ್ ಉತ್ತರವೇ ಎಂದು ಆಗಲೇ ಹಲವರು ಕೇಳಿದ್ದರು. ಇರಲಿ. ಹೊಸದು ನ್ಯಾಯವಾಗಿ ಸಿಗುವಾಗ ಐವತ್ತು, ಅರವತ್ತು ವರ್ಷದ್ದಕ್ಕೆ ಅದಕ್ಕಿಂತ ಹೆಚ್ಚು ಯಾಕೆ ಕೊಡಬೇಕು ಎಂದು ನೀವೂ ಒಮ್ಮೆ ಕೇಳಿಕೊಳ್ಳಿ.

ಕಾಗದ ಮೊದಲು, ಕಬ್ಬಿಣ ಆಮೇಲೆ

ಆದರೂ ಹಳೆಯದೇ ಬೇಕು ಎನ್ನುವವರು ಕ್ರಮ ತಪ್ಪಬಾರದು. ಮೊದಲು ಲೈಸೆನ್ಸ್, ಆಮೇಲೆ ಆಯುಧ. 21 ವರ್ಷ ತುಂಬಿರಬೇಕು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹೋಗುತ್ತದೆ, ಪೊಲೀಸ್ ವರದಿ ಬರುತ್ತದೆ. ಈಗ ಪ್ರತಿ ಲೈಸೆನ್ಸಿಗೂ ರಾಷ್ಟ್ರೀಯ ದಾಖಲೆಯಲ್ಲಿ ಒಂದು ಗುರುತು ಸಂಖ್ಯೆ ಇರಬೇಕು. ಮಾರುವವರ ಲೈಸೆನ್ಸಿನಲ್ಲಿ ಅದು ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಖಾಸಗಿಯವರಿಂದ ಕೊಳ್ಳುವುದಾದರೆ 5ನೇ ಸೆಕ್ಷನ್ ಗೊತ್ತಿರಲಿ. ಯಾರಿಗೆ ಮಾರುತ್ತೇನೆ ಎಂದು ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಬೇಕು. ಆಮೇಲೆ 45 ದಿನ ಕಾಯಬೇಕು. 'ಈಗ ದುಡ್ಡು ಕೊಡಿ, ಕಾಗದ ಆಮೇಲೆ ನೋಡೋಣ' ಎಂಬುವನ ಮನೆಯ ಚಹಾ ಕೂಡ ಕುಡಿಯಬೇಡಿ.

2019ರ ತಿದ್ದುಪಡಿ ಇನ್ನೂ ಬಿಗಿ ಮಾಡಿದೆ. ಒಬ್ಬರಿಗೆ ಮೂರು ಇದ್ದದ್ದು ಈಗ ಎರಡೇ ಆಯುಧ. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಹೋಗಿದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು, ನಿಷೇಧಿತ ಬೋರ್ ಆದರೆ 7ರಿಂದ 14 ವರ್ಷ. ಮದುವೆ, ಜಾತ್ರೆಯಲ್ಲಿ ಖುಷಿಗೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅಪ್ಪನ ರಿವಾಲ್ವರ್ ಮನೆಯಲ್ಲಿದ್ದರೆ ಅದು ತಾನಾಗಿ ಮಗನದಾಗುವುದಿಲ್ಲ. ಅವರು ತೀರಿಕೊಂಡ ಮೇಲೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮಾ ಮಾಡಿ, ವಾರಸುದಾರರಾಗಿ ಅರ್ಜಿ ಹಾಕಬೇಕು. ಅಪ್ಪ ಇರುವಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ 25 ವರ್ಷ ಆಯುಧ ಇಟ್ಟುಕೊಂಡಿದ್ದರೆ, ಮಕ್ಕಳ ಹೆಸರಿಗೆ ಕೇಳುವ ಅವಕಾಶ 2016ರ ನಿಯಮಗಳಲ್ಲಿದೆ. ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಸುಮ್ಮನೆ ಇಟ್ಟರೆ ಮಗ ಆರೋಪಿ ಆಗುತ್ತಾನೆ.

ಕಾಗದ ಸರಿಯಿದ್ದ ಮೇಲೆ ಕಬ್ಬಿಣ. ಮೊದಲು ಗುಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮೈಮೇಲಿನ ನಂಬರು ಲೈಸೆನ್ಸಿನ ನಂಬರಿಗೆ ತಾಳೆಯಾಗಬೇಕು. ಉಜ್ಜಿದ, ಮತ್ತೆ ಕೆತ್ತಿದ ಗುರುತಿದ್ದರೆ ಬೇಡವೇ ಬೇಡ. ನಳಿಕೆಯೊಳಗೆ ತುಕ್ಕಿನ ಗುಳಿ ಇದೆಯೇ? ನಡು ಮುರಿಯುವ ಜಾಗದ ಕೊಂಡಿ ಅಲುಗಾಡುತ್ತದೆಯೇ? ಕುದುರೆ ಎಳೆದಾಗ ಗುಂಡಿನ ಮನೆ ನಳಿಕೆಗೆ ನೇರ ನಿಲ್ಲುತ್ತದೆಯೇ? ನೇರ ನಿಲ್ಲದಿದ್ದರೆ ಸೀಸದ ಚೂರು ಪಕ್ಕಕ್ಕೆ ಸಿಡಿದು ಹಾರಿಸಿದವನಿಗೇ ತಗಲುತ್ತದೆ. ಹಳೆಯ ಕೆಲವು ಮಾದರಿಗಳು ಕೆಳಗೆ ಬಿದ್ದರೂ ಸಿಡಿಯುತ್ತವೆ. ಇದನ್ನೆಲ್ಲ ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಲಿ ನೋಡಿಸಿ, ಊರ ಕಮ್ಮಾರನ ಕೈಲಿ ಅಲ್ಲ. ಹಳೆಯ ಗುಂಡು ಜೊತೆಗೆ ಕೊಡುತ್ತೇನೆಂದರೂ ಬೇಡ.

ಮನೆಯೊಳಗಿನ ಲೆಕ್ಕ

ಒಂದು ವಿಷಯವನ್ನು ಅಂಗಡಿಯವನು ಹೇಳುವುದಿಲ್ಲ. ರಿವಾಲ್ವರ್ ಬಂದ ದಿನದಿಂದ ಮನೆಯ ಪ್ರತಿ ಜಗಳದಲ್ಲೂ ಅದು ಒಂದು ಮೂಲೆಯಲ್ಲಿ ಇರುತ್ತದೆ. ಕುಡಿದ ರಾತ್ರಿ, ಸಾಲದ ನೋಟಿಸು ಬಂದ ಬೆಳಗ್ಗೆ, ಫೇಲಾದ ಮಗ ಬಾಗಿಲು ಹಾಕಿಕೊಂಡ ಮಧ್ಯಾಹ್ನ, ಎಲ್ಲದರಲ್ಲೂ ಇರುತ್ತದೆ. ಕಳ್ಳ ಬರುವ ರಾತ್ರಿ ಅಪರೂಪ. ಇಂಥ ಹೊತ್ತುಗಳು ಯಾವ ಮನೆಗೂ ಅಪರೂಪವಲ್ಲ. ಕೊಳ್ಳುವ ನಿರ್ಧಾರವನ್ನು ಗಂಡಸರು ಮಾತ್ರ ಕೂತು ಮಾಡಬಾರದು ಎಂದು ನಾವು ಹೇಳುವುದು ಇದಕ್ಕೇ. ಹೆಂಡತಿ ಬೇಡ ಎಂದರೆ ಅದಕ್ಕೊಂದು ಕಾರಣ ಇರುತ್ತದೆ.

ಹಾಗಾದರೆ ಕೊಳ್ಳಬೇಕೆ? ನಮ್ಮ ಅಭಿಪ್ರಾಯ ಇಷ್ಟು. ಬೆಳೆ ಕಾಯಲು ಬೇಡ, ಗತ್ತಿಗೆ ಬೇಡ, ವ್ಯಾಜ್ಯದ ಎದುರಾಳಿಯನ್ನು ಹೆದರಿಸಲು ಖಂಡಿತ ಬೇಡ, ಲೈಸೆನ್ಸ್ ಇದ್ದರೂ ಅದು ಅಪರಾಧವೇ. ಜೀವಕ್ಕೆ ನಿಜವಾದ ಬೆದರಿಕೆ ಇದ್ದರೆ ಮೊದಲು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಲೈಸೆನ್ಸಿಗೆ ಕಾರಣ ತೋರಿಸುವಾಗಲೂ ಅದೇ ಕಾಗದ ಬೇಕಾಗುತ್ತದೆ. ಅಷ್ಟಾದ ಮೇಲೂ ಬೇಕಾದರೆ ಅಂಗಡಿಯಿಂದ ಹೊಸದನ್ನು ನೋಡಿ, ತರಬೇತಿ ಪಡೆಯಿರಿ, ಬೀಗ ಹಾಕುವ ಉಕ್ಕಿನ ಪೆಟ್ಟಿಗೆ ಮೊದಲೇ ತಂದಿಡಿ.

ಅಜ್ಜನ ವೆಬ್ಲಿ ಮನೆಯಲ್ಲಿದ್ದು ಕಾಗದ ಹಳತಾಗಿದ್ದರೆ ನಾಳೆಯೇ ಲೈಸೆನ್ಸ್ ಪುಸ್ತಕ ತೆಗೆದು ಕೊನೆಯ ನವೀಕರಣದ ತಾರೀಕು ನೋಡಿ. ಅವಧಿ ಮುಗಿದಿದ್ದರೆ ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ನೀವೇ ಹೋಗಿ. ಅವರು ಹುಡುಕಿಕೊಂಡು ಬರುವವರೆಗೆ ಕಾಯಬೇಡಿ.