ಮಕ್ಕಳ ಗಾಡಿಯೂ ದೊಡ್ಡವರ ಮೊಣಕಾಲೂ

ಮಕ್ಕಳ ಮಿನಿಬೈಕಿನ ಸೀಟನ್ನು ಎತ್ತರಿಸಿ ತಾವೇ ಓಡಿಸುವ ಉತ್ಸಾಹ ಕೆಲವು ಹಿರಿಯರಿಗುಂಟು. ಅಂಥವರಿಗಾಗಿ ನಾನು ಈ ಪುಟ್ಟ ಚರಿತ್ರೆಯನ್ನು ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಪ್ಯಾರಾಚೂಟ್ ಸೈನಿಕರಿಗೆಂದು 98 ಸಿ.ಸಿ.ಯ ‘ವೆಲ್‌ಬೈಕ್’ ನಿರ್ಮಿಸಿದರು. ಪೆಟ್ಟಿಗೆಯಲ್ಲಿ ಹಿಡಿಸಲು ಅದರ ಸೀಟು ತಗ್ಗುತ್ತಿತ್ತು, ಹ್ಯಾಂಡಲ್ ಮಡಚಿಕೊಳ್ಳುತ್ತಿತ್ತು. ನೆಲ ಸೇರಿದೊಡನೆ ಎರಡನ್ನೂ ಮೇಲೆತ್ತಿ ಸೈನಿಕನು ಸವಾರಿ ಹೊರಡಬಹುದಾಗಿತ್ತು. ಆದರೆ ಚಕ್ರಗಳು ತೀರ ಚಿಕ್ಕವಾದ್ದರಿಂದ ಒರಟು ನೆಲದಲ್ಲಿ ಅದು ಸೋತಿತು.

1961ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ಟಾಮಾ ಟೆಕ್ ಉದ್ಯಾನದ ಮಕ್ಕಳಿಗಾಗಿ 49 ಸಿ.ಸಿ.ಯ ಗಾಡಿಯನ್ನು ಮಾಡಿತು. ಅದರ ಚಕ್ರ 5 ಇಂಚು. ದೊಡ್ಡವರು ಮೊಣಕಾಲು ಮಡಚಿ ಅದರ ಮೇಲೆ ಕುಳಿತ ಭಂಗಿಯಿಂದಲೇ ‘ಮಂಕಿ’ ಎಂಬ ಹೆಸರು ಬಂದಿತೆನ್ನುತ್ತಾರೆ. 2018ರ ಮಂಕಿಯಲ್ಲಿ ಚಕ್ರ 12 ಇಂಚು, ಎಂಜಿನ್ ಸುಮಾರು 125 ಸಿ.ಸಿ. ದೊಡ್ಡವರಿಗೆ ಒಗ್ಗಲು ಇಡೀ ಗಾಡಿಯೇ ಬೆಳೆಯಬೇಕಾಯಿತು.

ನಮ್ಮ ದೊಡ್ಡಬೆಳವಂಗಲದವರು ಬಲ್ಲ ಟಿವಿಎಸ್ 50 ಕೂಡ ಹಾಗೆಯೇ. 1980ರಲ್ಲಿ ಹೊಸೂರಿನಿಂದ ಬಂದ ಆ ಮೊಪೆಡ್ಡನ್ನು ಇಬ್ಬರು ಕೂರಲೆಂದೇ ರೂಪಿಸಿದ್ದರು.

ಸೀಟು ಮಾತ್ರ ಏರಿದರೆ ಮೈಭಾರವೂ ಮೇಲೇರಿ ಗಾಡಿ ಓಲಾಡುತ್ತದೆ. ಬ್ರೇಕು ಮೊದಲಿನಷ್ಟೇ ಉಳಿಯುತ್ತದೆ. ಕೂಸಿನ ಅಂಗಿಗೆ ಉದ್ದ ತೋಳು ಹೊಲಿದರೆ ಅಪ್ಪನ ಅಂಗಿಯಾದೀತೇ? ಬೆಸುಗೆ ಹಾಕಿಸುವ ಮುನ್ನ ನನ್ನ ಶಿಷ್ಯರು ಯೋಚಿಸಲಿ.